ಪೆನ್ನು ಅವರ ಕೈಯಲ್ಲೇ ಇರಲಿ: ಬರವಣಿಗೆ ಹೇಳಿಕೊಡುವ ಕೆಲಸಕ್ಕೆ ಇಳಿಯುವವರಿಗೆ

ಬರವಣಿಗೆ ಹೇಳಿಕೊಡಲು ಶುರು ಮಾಡಿದ ಮೊದಲ ವರ್ಷ ನನ್ನ ಹತ್ತಿರ ಹೈಸ್ಕೂಲಿನ ಹುಡುಗನೊಬ್ಬ ಬರುತ್ತಿದ್ದ. ವಾರಕ್ಕೊಂದು ಪ್ರಬಂಧ ಬರೆದು ತರುತ್ತಿದ್ದ. ನಾನು ಕೆಂಪು ಪೆನ್ನು ಹಿಡಿದು ಕೂತರೆ ಒಂದು ಸಾಲನ್ನೂ ಬಿಡುತ್ತಿರಲಿಲ್ಲ. ವಾಕ್ಯ ಕತ್ತರಿಸುತ್ತಿದ್ದೆ, ಪದ ಬದಲಿಸುತ್ತಿದ್ದೆ, ಸಾಲದ್ದಕ್ಕೆ ಒಂದೆರಡು ಪ್ಯಾರಾ ನಾನೇ ಸೇರಿಸುತ್ತಿದ್ದೆ. ಅವನು ಅದನ್ನು ನೀಟಾಗಿ ಕಾಪಿ ಮಾಡಿ ಶಾಲೆಗೆ ಕೊಡುತ್ತಿದ್ದ. ಒಳ್ಳೆ ಮಾರ್ಕ್ಸ್ ಬರುತ್ತಿತ್ತು. ಅವನ ಅಪ್ಪ ಅಮ್ಮನಿಗೆ ಖುಷಿ, ನನಗೆ ಅವರಿಗಿಂತ ಜಾಸ್ತಿ ಖುಷಿ. ವಾರ್ಷಿಕ ಪರೀಕ್ಷೆಯಲ್ಲಿ ಪ್ರಬಂಧದ ಪ್ರಶ್ನೆಗೆ ನಾಲ್ಕೇ ಸಾಲು ಬರೆದು ಬಂದ. ಯಾಕೋ ಅಂತ ಕೇಳಿದೆ. "ಮುಂದಿನ ಸಾಲು ನೀವಾಗಿದ್ರೆ ಹೇಗೆ ಬರೀತಿದ್ರಿ ಅಂತ ಯೋಚನೆ ಮಾಡ್ತಾ ಕೂತೆ ಮೇಡಂ, ಟೈಮ್ ಆಗೋಯ್ತು" ಅಂದ.

ಅವನದೇನೂ ತಪ್ಪಿರಲಿಲ್ಲ. ಆ ವರ್ಷವಿಡೀ ಬರವಣಿಗೆ ಅಭ್ಯಾಸ ಮಾಡಿದ್ದು ನಾನು, ಅವನಲ್ಲ. ಅಲ್ಲಿಂದ ಇಲ್ಲಿಯವರೆಗೆ ಎಡವಿ ಎಡವಿ ಕಂಡುಕೊಂಡ ದಾರಿಯನ್ನು ಕೆಳಗೆ ಬರೆದಿದ್ದೇನೆ.

1. ನಿಮ್ಮ ಕೆಲಸ ಯಾವುದು ಅಂತ ಮೊದಲು ತೀರ್ಮಾನಿಸಿ

ಹೊರಗಿನವರಿಗೆ ಎಲ್ಲವೂ ಒಂದೇ. "ಅವರು ಬರೆದಿದ್ದನ್ನ ನೋಡಿಕೊಡ್ತಾರೆ" ಅಂದುಬಿಡುತ್ತಾರೆ. ಆದರೆ ಇದರೊಳಗೆ ನಾಲ್ಕು ಬೇರೆ ಬೇರೆ ಕೆಲಸಗಳಿವೆ. ಟ್ಯೂಟರ್ ಆದವರು ಸಿಲೆಬಸ್, ಪರೀಕ್ಷೆ ಮುಂದಿಟ್ಟುಕೊಂಡು ಪಾಠ ಮಾಡುತ್ತಾರೆ. ಕೋಚ್ ಮುಂದೆ ಸಿಲೆಬಸ್ ಇರುವುದಿಲ್ಲ. ಎದುರು ಕೂತವರು ಏನು ಬರೆಯಬೇಕು ಅಂದುಕೊಂಡಿದ್ದಾರೋ ಅದೇ ಸಿಲೆಬಸ್. ಥೀಸಿಸ್ ಇರಬಹುದು, ಕಥೆ ಇರಬಹುದು, ಆಫೀಸಿನ ರಿಪೋರ್ಟ್ ಇರಬಹುದು. ಎಡಿಟರ್ ಬರಹವನ್ನು ತಿದ್ದುತ್ತಾರೆ, ಬರೆದವರನ್ನಲ್ಲ. ನಾಲ್ಕನೆಯವರು ಬೇರೆಯವರ ಹೆಸರಲ್ಲಿ ಬರೆದುಕೊಡುತ್ತಾರೆ.

ಯಾವುದೂ ತನ್ನಷ್ಟಕ್ಕೆ ಕೆಟ್ಟ ಕೆಲಸವಲ್ಲ. ಒಂದರ ಬೋರ್ಡು ಹಾಕಿಕೊಂಡು ಇನ್ನೊಂದನ್ನು ಮಾಡಿದಾಗ ಎಡವಟ್ಟಾಗುತ್ತದೆ. ನಾನು ಟ್ಯೂಟರ್ ಅಂತ ಫೀಸ್ ತೆಗೆದುಕೊಂಡು ಎಡಿಟರ್ ಕೆಲಸ ಮಾಡಿದ್ದೆ. ಅಮೆರಿಕದ ಸ್ಟೀಫನ್ ನಾರ್ತ್ ಕಾಲೇಜುಗಳ ಬರವಣಿಗೆ ಕೇಂದ್ರಗಳ ಬಗ್ಗೆ 1984ರಲ್ಲಿ ಒಂದು ಲೇಖನ ಬರೆದರು. ಈ ಕೇಂದ್ರಗಳಲ್ಲಿ ವಿದ್ಯಾರ್ಥಿ ತನ್ನ ಬರಹ ಹಿಡಿದುಕೊಂಡು ಬಂದು ಟ್ಯೂಟರ್ ಜೊತೆ ಕೂತು ಮಾತಾಡುತ್ತಾನೆ. ತಪ್ಪು ತಿದ್ದಿಕೊಡುವ ರಿಪೇರಿ ಅಂಗಡಿ ಅಂತ ಇವನ್ನು ನೋಡಬೇಡಿ, ನಾವು ತಯಾರು ಮಾಡಬೇಕಾಗಿರುವುದು ಒಳ್ಳೆ ಬರಹವನ್ನಲ್ಲ, ಒಳ್ಳೆ ಬರಹಗಾರರನ್ನು ಅನ್ನುವುದು ಅವರ ವಾದ. ಈ ಕೆಲಸದಲ್ಲಿರುವವರು ಈಗಲೂ ಅದನ್ನು ಎತ್ತಿ ಹೇಳುತ್ತಾರೆ. ಹೇಳುವುದು ಸುಲಭ, ಪೆನ್ನು ಹಿಡಿದ ಕೈ ಸುಮ್ನೆ ಇರುವುದಿಲ್ಲ.

ಯಾರಿಗೆ ಹೇಳಿಕೊಡುತ್ತೀರಿ ಅನ್ನುವುದನ್ನೂ ಈಗಲೇ ಯೋಚಿಸಿ. ಶಾಲೆ ಮಕ್ಕಳು, ಪರೀಕ್ಷೆಗೆ ಕೂರುವವರು, ಸಂಶೋಧನೆ ಮಾಡುವವರು, ಆಫೀಸಿನವರು, ಹವ್ಯಾಸಕ್ಕೆ ಬರೆಯುವವರು ಎಲ್ಲರಿಗೂ ಹೇಳಿಕೊಡುತ್ತೇನೆ ಅಂದರೆ ಶುರುವಿನಲ್ಲಿ ಕಷ್ಟ. ನೀವು ಸ್ವತಃ ಬರೆದು ಒದ್ದಾಡಿರುವ ಬಗೆಯ ಬರಹ ಯಾವುದೋ ಅಲ್ಲಿಂದ ಶುರು ಮಾಡಿ.

2. "ಫ್ಲೋ ಇಲ್ಲ" ಅನ್ನುವುದನ್ನು ಬಿಡಿ

ಚೆನ್ನಾಗಿ ಬರೆಯುವವರಿಗೆ ಒಂದು ತೊಂದರೆ ಇದೆ. ತಪ್ಪಾಗಿರುವುದು ಥಟ್ಟನೆ ಗೊತ್ತಾಗುತ್ತದೆ, ಯಾಕೆ ತಪ್ಪು ಅಂತ ಹೇಳಲು ಬರುವುದಿಲ್ಲ. ಆಗ ಬಾಯಿಗೆ ಬರುವುದು "ಫ್ಲೋ ಇಲ್ಲ", "ಏನೋ ಸರಿ ಹೋಗ್ತಿಲ್ಲ", "ಇನ್ನೂ ಚೆನ್ನಾಗಿ ಬರಿ". ಕೇಳಿಸಿಕೊಂಡವರು ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಅಲ್ಲಿ ಮತ್ತೆ ಅದೇ ವಾಕ್ಯದ ಮುಂದೆ ಕೂತು ಏನು ಮಾಡಬೇಕು ಹೇಳಿ?

ಹಾಗಾಗಿ ವಿದ್ಯಾರ್ಥಿ ಸಿಗುವ ಮೊದಲೇ ಒಂದು ಅಭ್ಯಾಸ ಮಾಡಿ. ಎಲ್ಲಿಂದಲಾದರೂ ಹತ್ತು ಕೆಟ್ಟ ಪ್ಯಾರಾ ಹುಡುಕಿ. ಪ್ರತಿಯೊಂದರಲ್ಲೂ ಏನು ಕೆಟ್ಟಿದೆ ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ. ಬರೆದದ್ದನ್ನು ಓದಿದ ಹನ್ನೆರಡು ವರ್ಷದ ಮಗುವಿಗೆ ಮುಂದೆ ಏನು ಮಾಡಬೇಕು ಅಂತ ಗೊತ್ತಾಗಬೇಕು. ಉದಾಹರಣೆಗೆ ಇದನ್ನು ನೋಡಿ:

"ನಾಯಿಗಳು ಸಾವಿರಾರು ವರ್ಷಗಳಿಂದ ಮನುಷ್ಯರ ಜೊತೆ ಇವೆ. ವಾಸನೆ ಹಿಡಿಯುವುದರಲ್ಲಿ ಅವು ಗಟ್ಟಿಗ. ಮನುಷ್ಯರು ಬೇಟೆಗೆ ಹೋಗುತ್ತಿದ್ದರು."

ಒಂದೊಂದು ವಾಕ್ಯವೂ ಸರಿ. ಆದರೆ ಓದುವವರು ಒಂದರಿಂದ ಇನ್ನೊಂದಕ್ಕೆ ಹಾರಬೇಕು. ಈಗ ಇದು:

"ನಾಯಿಗಳು ಸಾವಿರಾರು ವರ್ಷಗಳಿಂದ ಮನುಷ್ಯರ ಜೊತೆ ಇವೆ. ಆ ಜೊತೆಗೆ ಬೇಟೆ ಒಂದು ದೊಡ್ಡ ಕಾರಣ. ಬೇಟೆಯಲ್ಲಿ ಮನುಷ್ಯನ ಕಣ್ಣಿಗೆ ಕಾಣದ್ದು ನಾಯಿಯ ಮೂಗಿಗೆ ಸಿಗುತ್ತಿತ್ತು."

ಇಲ್ಲಿ ಪ್ರತಿ ವಾಕ್ಯವೂ ಹಿಂದಿನದರ ಬಾಲ ಹಿಡಿದುಕೊಂಡು ಬರುತ್ತಿದೆ. "ಜೊತೆ" ಅಂತ ಮುಗಿದರೆ "ಆ ಜೊತೆಗೆ" ಅಂತ ಶುರು. "ಫ್ಲೋ ಇಲ್ಲ" ಅನ್ನುವ ಬದಲು "ಈ ವಾಕ್ಯ ಹಿಂದಿನದರ ಬಾಲ ಹಿಡಿದಿದೆಯಾ ನೋಡು" ಅಂದರೆ ಮಗು ಪೆನ್ಸಿಲ್ ಎತ್ತಿಕೊಳ್ಳುತ್ತದೆ. ನನ್ನ ಹತ್ತಿರ ಇಂಥ ಇಪ್ಪತ್ತು ಮೂವತ್ತು ಮಾತುಗಳ ಒಂದು ನೋಟ್‌ಬುಕ್ ಇದೆ. ಈ ಕೆಲಸದಲ್ಲಿ ನನ್ನ ಬಂಡವಾಳ ಅಂತ ಇರುವುದು ಅದೊಂದೇ.

3. ಮೊದಲ ದಿನ ಪಾಠ ಬೇಡ

ಮೊದಲ ಭೇಟಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು. ಏನು ಬರೆಯಬೇಕು, ಯಾವಾಗಿನೊಳಗೆ, ಯಾರು ಓದುತ್ತಾರೆ ಅಂತ ಕೇಳಿ. ಹಳೆಯ ಬರಹ ಒಂದೆರಡು ತರಲು ಹೇಳಿ. ಆಮೇಲೆ ನಿಮ್ಮೆದುರೇ 15 ನಿಮಿಷ ಬರೆಯಲು ಕೊಡಿ. ವಿಷಯ ಸುಲಭದ್ದಿರಲಿ: "ನಿನಗೆ ಚೆನ್ನಾಗಿ ಮಾಡಲು ಬರುವ ಒಂದು ಕೆಲಸವನ್ನು, ಅದು ಗೊತ್ತೇ ಇಲ್ಲದವರಿಗೆ ಹೇಳಿಕೊಡು."

ಅವರು ಬರೆಯುವಾಗ ಕಾಗದ ನೋಡಬೇಡಿ, ಕೈ ನೋಡಿ. ಮೊದಲ ಪದಕ್ಕೆ ಎಷ್ಟು ಹೊತ್ತಾಯಿತು? ಎಲ್ಲಿ ನಿಂತರು? ಒಂದೇ ವಾಕ್ಯ ಬರೆದು, ಹೊಡೆದು, ಮತ್ತೆ ಅದನ್ನೇ ಬರೆಯುತ್ತಿದ್ದಾರಾ? ಇಂಥವರಿಗೆ ಭಾಷೆ ಚೆನ್ನಾಗಿಯೇ ಬರುತ್ತಿರುತ್ತದೆ. ತಲೆಯೊಳಗೆ ಒಬ್ಬ ಜಡ್ಜ್ ಕೂತಿರುತ್ತಾನೆ, ಅಷ್ಟೇ. ಅವರಿಗೆ ವ್ಯಾಕರಣ ಹೇಳಿಕೊಟ್ಟರೆ ಜಡ್ಜ್ ಕೈಗೆ ಇನ್ನೊಂದು ಕೋಲು ಕೊಟ್ಟ ಹಾಗೆ. ದಿನಕ್ಕೆ ಹತ್ತು ನಿಮಿಷ, ಕೈ ಎತ್ತದೆ, ಹಿಂದೆ ತಿರುಗಿ ನೋಡದೆ ಬರೆಯುವ ಅಭ್ಯಾಸ ಕೊಡಿ. ಬರೆಯಲು ಏನೂ ತೋಚದಿದ್ದರೆ "ಏನೂ ತೋಚುತ್ತಿಲ್ಲ" ಅಂತಲೇ ಬರೆಯಲಿ. ಅದನ್ನು ನೀವು ಓದಲು ಹೋಗಬೇಡಿ. ಇನ್ನು ಕೆಲವರು ಒಂದೇ ಉಸಿರಿಗೆ ಪುಟ ತುಂಬಿಸಿ "ಆಯ್ತು" ಅಂತ ಇಟ್ಟುಬಿಡುತ್ತಾರೆ. ಅವರಿಗೆ ಕಲಿಸಬೇಕಾದ್ದು ಹಿಂದೆ ತಿರುಗಿ ನೋಡುವುದನ್ನು.

ಬರೆದಾದ ಮೇಲೆ ಗಟ್ಟಿಯಾಗಿ ಓದಿಸಿ. ಇದು ಬಿಟ್ಟಿ ಸಿಗುವ ಎಕ್ಸ್‌ರೇ. ಕಾಗದದಲ್ಲಿ "ಹೋಗಿದ್ದೆವು" ಅನ್ನುವಲ್ಲಿ "ಹೋಗಿದ್ದೆ" ಅಂತ ಬರೆದಿದ್ದರೂ ಬಾಯಿ "ಹೋಗಿದ್ದೆವು" ಅಂತಲೇ ಓದುತ್ತದೆ. ಬಾಯಿ ತಿದ್ದಿಕೊಂಡ ಕಡೆಯೆಲ್ಲ ಸುಮ್ನೆ ಒಂದು ಚುಕ್ಕಿ ಇಡಿ. ಆ ತಪ್ಪುಗಳು ಗೊತ್ತಿಲ್ಲದೆ ಆದವಲ್ಲ, ನೋಡದೆ ಆದವು. ಎರಡಕ್ಕೂ ಮದ್ದು ಬೇರೆ.

ಮಕ್ಕಳಾದರೆ ಹೊರಡುವಾಗ ಅಪ್ಪ ಅಮ್ಮ ಕೇಳಿಯೇ ಕೇಳುತ್ತಾರೆ: "ಎಷ್ಟು ದಿನದಲ್ಲಿ ಸುಧಾರಿಸ್ತಾನೆ?" ಇಲ್ಲಿ ಬಾಯಿ ಬಿಗಿಹಿಡಿಯಿರಿ. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದದ್ದನ್ನು ಟ್ಯೂಷನ್ ಜಾಹೀರಾತುಗಳಲ್ಲಿ ನೋಡಿರಬಹುದು: ಒಬ್ಬೊಬ್ಬರನ್ನೇ ಕೂರಿಸಿ ಪಾಠ ಹೇಳಿದರೆ ಸಾಧಾರಣ ವಿದ್ಯಾರ್ಥಿಯೂ ಮಾಮೂಲಿ ತರಗತಿಯ 100ರಲ್ಲಿ 98 ಮಂದಿಯನ್ನು ಮೀರಿಸುತ್ತಾನೆ ಅಂತ. ಆಮೇಲೆ ಬಂದ ಅಧ್ಯಯನಗಳಲ್ಲಿ ಲಾಭ ಕಂಡಿದ್ದು ನಿಜ, ಆದರೆ ಅಷ್ಟು ದೊಡ್ಡದಲ್ಲ. ನಾನು ಹೇಳುವುದು ಇಷ್ಟೇ: "ಎರಡು ತಿಂಗಳಾದ ಮೇಲೆ ಇವತ್ತಿನ ಪುಟವನ್ನೂ ಅವತ್ತಿನ ಪುಟವನ್ನೂ ಪಕ್ಕಪಕ್ಕ ಇಟ್ಟು ತೋರಿಸ್ತೀನಿ." ಆ 15 ನಿಮಿಷದ ಪುಟಕ್ಕೆ ತಾರೀಖು ಹಾಕಿ ಜೋಪಾನವಾಗಿ ಇಟ್ಟುಕೊಳ್ಳಿ.

4. ಮೇಲಿನಿಂದ ಕೆಳಕ್ಕೆ ಬನ್ನಿ

ಒಂದು ಬರಹ ಕೈಗೆ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಕಾಗುಣಿತ. ಮಹಾಪ್ರಾಣ ಬಿಟ್ಟಿದ್ದು, ಒತ್ತಕ್ಷರ ತಪ್ಪಿದ್ದು, ನ-ಣ ಅದಲುಬದಲಾದದ್ದು. ಕೈ ಅಲ್ಲಿಗೇ ಹೋಗುತ್ತದೆ. ಹೋಗಲು ಬಿಡಬೇಡಿ. ಮೊದಲು ನೋಡಬೇಕಾದ್ದು ಹೇಳಲು ಒಂದು ಮಾತು ಇದೆಯಾ ಅಂತ. ಆಮೇಲೆ ಅದು ಸರಿಯಾದ ಕ್ರಮದಲ್ಲಿ ಬಂದಿದೆಯಾ, ಆಮೇಲೆ ಪ್ಯಾರಾ, ಆಮೇಲೆ ವಾಕ್ಯ. ಕಾಗುಣಿತ ಕಟ್ಟಕಡೆಗೆ. ಮೂರನೇ ಪ್ಯಾರಾ ಪೂರ್ತಿ ತೆಗೆಯಬೇಕಾದ ಪ್ರಬಂಧದಲ್ಲಿ ಅದೇ ಪ್ಯಾರಾದ ಒತ್ತಕ್ಷರ ಸರಿಮಾಡುವುದು ಕೆಡವುವ ಗೋಡೆಗೆ ಸುಣ್ಣ ಬಳಿದ ಹಾಗೆ. ಅದಕ್ಕಿಂತ ಕೆಟ್ಟದ್ದೇನೆಂದರೆ, ಸುಣ್ಣ ಬಳಿದ ಗೋಡೆಯನ್ನು ಕೆಡವಲು ಆಮೇಲೆ ಯಾರಿಗೂ ಮನಸ್ಸು ಬರುವುದಿಲ್ಲ.

ನ್ಯಾನ್ಸಿ ಸಾಮರ್ಸ್ ಅನ್ನುವವರು 20 ಕಾಲೇಜು ವಿದ್ಯಾರ್ಥಿಗಳೂ 20 ಅನುಭವಿ ಬರಹಗಾರರೂ ತಮ್ಮ ಬರಹವನ್ನು ಹೇಗೆ ತಿದ್ದುತ್ತಾರೆ ಅಂತ ಹೋಲಿಸಿ 1980ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳ ಪಾಲಿಗೆ ತಿದ್ದುವುದು ಅಂದರೆ ಹೆಚ್ಚಾಗಿ ಪದ ಬದಲಿಸುವುದು. ಅನುಭವಿಗಳು ವಾದಕ್ಕೆ ಆಕಾರ ಹುಡುಕುತ್ತಿದ್ದರು, ಬೇಕಾದರೆ ಅರ್ಧಕ್ಕರ್ಧ ಎತ್ತಿಹಾಕುತ್ತಿದ್ದರು. ನೀವು ಕಾಗುಣಿತದಿಂದ ಶುರು ಮಾಡಿದರೆ ತಿದ್ದುವುದೆಂದರೆ ಪದ ಬದಲಿಸುವುದು ಅನ್ನುವ ಪಾಠವನ್ನು ನೀವೇ ಹೇಳಿಕೊಟ್ಟಂತಾಯಿತು.

ಅಪ್ಪ ಅಮ್ಮನಿಗೆ ಇದು ಅರ್ಥವಾಗುವುದು ಕಷ್ಟ. ಅವರು ನೋಟ್‌ಬುಕ್ ತೆರೆದಾಗ ಕಾಣುವುದೂ ಕಾಗುಣಿತವೇ. "ತಪ್ಪು ಹಾಗೇ ಬಿಟ್ಟಿದ್ದೀರಲ್ಲ ಮೇಡಂ" ಅನ್ನುತ್ತಾರೆ. ಅದಕ್ಕೇ ಮೊದಲ ವಾರವೇ ಈ ಕ್ರಮವನ್ನು ಅವರಿಗೆ ಹೇಳಿಬಿಡಿ.

5. ಪ್ರಶ್ನೆ ಕೇಳಿ, ಆಮೇಲೆ ಸುಮ್ಮನಿರಿ

ನನ್ನ ಪ್ರಕಾರ ಈ ಇಡೀ ಕೆಲಸ ಇಲ್ಲೇ ಇದೆ.

ಏಳನೇ ತರಗತಿಯ ಹುಡುಗಿಯೊಬ್ಬಳು ಅಜ್ಜನ ಬಗ್ಗೆ ಬರೆದು ತಂದಿದ್ದಳು. "ನನ್ನ ಅಜ್ಜ ತುಂಬಾ ಒಳ್ಳೆಯವರು. ಅವರೆಂದರೆ ನನಗೆ ಪಂಚಪ್ರಾಣ. ಅವರು ನಮಗೆಲ್ಲ ಆದರ್ಶಪ್ರಾಯರು." ಒಂದು ತಪ್ಪೂ ಇಲ್ಲ. ಅಜ್ಜನೂ ಇಲ್ಲ.

"ಒಳ್ಳೆಯವರು ಅಂತ ನಿಂಗೆ ಯಾವತ್ತು ಅನ್ನಿಸ್ತು?" ಅಂತ ಕೇಳಿದೆ.

"ಯಾವಾಗ್ಲೂ."

"ಕೊನೇ ಸಲ?"

ಸುಮ್ಮನಾದಳು. ನಾನೂ ಸುಮ್ಮನಿದ್ದೆ. ಈ ಮೌನ ಇದೆಯಲ್ಲ, ಹೊಸ ಟ್ಯೂಟರ್‌ಗಳಿಗೆ ತಡೆಯಲು ಆಗುವುದಿಲ್ಲ. ಮೂರು ಸೆಕೆಂಡಿಗೆ ತಾವೇ ಉತ್ತರ ಕೊಟ್ಟುಬಿಡುತ್ತಾರೆ. ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸಿ. ಹದಿನೈದಕ್ಕೆ ಬಂದಿರಬಹುದು, ಅವಳು ಮಾತಾಡಿದಳು. "ಕರೆಂಟ್ ಹೋದ್ರೆ ಅಜ್ಜ ಕೆಮ್ತಾರೆ. ನಿಜವಾಗ್ಲೂ ಕೆಮ್ಮಲ್ಲ. ನಂಗೆ ಕತ್ತಲು ಅಂದ್ರೆ ಭಯ. ಅವರು ಎಲ್ಲಿದ್ದಾರೆ ಅಂತ ನಂಗೆ ಗೊತ್ತಾಗ್ಲಿ ಅಂತ."

"ಈಗ ಹೇಳಿದ್ಯಲ್ಲ, ಅದನ್ನೇ ಬರಿ" ಅಂದೆ. ಅವಳು ನನ್ನ ಮುಖ ನೋಡಿದಳು. "ಅದನ್ನೆಲ್ಲ ಬರೀಬಹುದಾ?" ಅಂದಳು.

ಬಹಳ ಮಕ್ಕಳಿಗೆ, ದೊಡ್ಡವರಿಗೂ, ಬರೆಯಬಹುದಾದ ಮಾತುಗಳ ಒಂದು ಪಟ್ಟಿ ತಲೆಯಲ್ಲಿರುತ್ತದೆ. ಅದರಲ್ಲಿ ಪಂಚಪ್ರಾಣ, ಆದರ್ಶಪ್ರಾಯ ಇವೆ. ಸುಳ್ಳು ಕೆಮ್ಮು ಇಲ್ಲ. ನಾವು ಹೇಳಬೇಕಾದ್ದು ಪಟ್ಟಿ ಅಷ್ಟೇ ಅಲ್ಲ ಅಂತ. ಕೆಮ್ಮಿನ ವಾಕ್ಯವನ್ನು ನಾನೇ ಬರೆದುಕೊಡಬಹುದಿತ್ತು, ಇನ್ನೂ ಚಂದವಾಗಿ. ಹಾಗೆ ಮಾಡಿದ್ದರೆ ಅವಳಿಗೆ ಒಂದು ಚಂದದ ವಾಕ್ಯ ಸಿಗುತ್ತಿತ್ತು, ಮುಂದಿನ ಪ್ರಬಂಧಕ್ಕೆ ಮತ್ತೆ ಪಂಚಪ್ರಾಣ ಬರುತ್ತಿತ್ತು.

ದೊಡ್ಡವರ ಕಥೆ ಬೇರೆ. ಅವರ ಬರಹದಲ್ಲಿ ಯಾರೂ ಇರುವುದಿಲ್ಲ. ಆಫೀಸಿನ ಒಬ್ಬರು ತಂದ ವಾಕ್ಯ ಇದು: "ಸಾಮಗ್ರಿಗಳ ಸರಬರಾಜಿನಲ್ಲಿ ಉಂಟಾದ ವಿಳಂಬದ ಕಾರಣದಿಂದಾಗಿ ಸದರಿ ಕಾಮಗಾರಿಯನ್ನು ನಿಗದಿತ ಅವಧಿಯಲ್ಲಿ ಪೂರ್ಣಗೊಳಿಸಲು ಸಾಧ್ಯವಾಗಿರುವುದಿಲ್ಲ."

ವಾಕ್ಯ ಉದ್ದವಾಯಿತು, ಚಿಕ್ಕದು ಮಾಡಿ ಅನ್ನಬಹುದಿತ್ತು. ಅದರ ಬದಲು ಕೇಳಿದೆ: "ತಡ ಮಾಡಿದ್ದು ಯಾರು?" ಅವರು ಸ್ವಲ್ಪ ಹೊತ್ತು ಪೇಪರ್ ನೋಡಿದರು. "ನಾವೇ. ಆರ್ಡರ್ ಹಾಕಿದ್ದೇ ಮೂರು ವಾರ ಲೇಟು." ಅಷ್ಟು ಉದ್ದದ ವಾಕ್ಯ ಹುಟ್ಟಿದ್ದೇ ಅದನ್ನು ಮುಚ್ಚಿಡಲು. ಕೊನೆಗೆ ಅವರು ಬರೆದದ್ದು: "ನಾವು ಆರ್ಡರ್ ಕೊಟ್ಟದ್ದು ಮೂರು ವಾರ ತಡವಾಗಿ. ಹಾಗಾಗಿ ಕೆಲಸ ಹೇಳಿದ ದಿನಕ್ಕೆ ಮುಗಿಯಲಿಲ್ಲ." ಇದನ್ನು ಕಳಿಸುವ ಧೈರ್ಯ ಮಾಡಿದರೋ ಇಲ್ಲವೋ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. "ಮಾಡಲಾಯಿತು", "ನಿರ್ಧರಿಸಲಾಗಿದೆ", "ಉಂಟಾದ" ಅನ್ನುವ ಪದ ಕಂಡ ಕೂಡಲೇ "ಯಾರು?" ಅಂತ ಕೇಳಿಕೊಳ್ಳುವುದನ್ನು ಮಾತ್ರ ಅವತ್ತೇ ಕಲಿತರು.

6. ಒಂದು ಗಂಟೆಯನ್ನು ಹೀಗೆ ಬಳಸಿ

ಇದು ಕಟ್ಟುನಿಟ್ಟಿನ ಟೈಮ್‌ಟೇಬಲ್ ಅಲ್ಲ. ಮೊದಲ ಹತ್ತು ನಿಮಿಷ ಹಿಂದಿನ ವಾರ ಬರೆದದ್ದನ್ನು ಅವರೇ ಓದುತ್ತಾರೆ. ಮುಂದಿನ ಹದಿನೈದು ನಿಮಿಷ ಒಂದೇ ಒಂದು ವಿಷಯದ ಮಾತು. ಎರಡನೆಯ ವಿಷಯ ಎಷ್ಟೇ ನಾಲಿಗೆ ತುದಿಗೆ ಬಂದರೂ ಮುಂದಿನ ವಾರಕ್ಕೆ ಇಡಿ. ಆಮೇಲೆ ಇಪ್ಪತ್ತೈದು ನಿಮಿಷ ಅವರು ಅಲ್ಲೇ ಕೂತು ಬರೆಯಬೇಕು. ಈ ಹೊತ್ತಿನಲ್ಲಿ ನಿಮಗೆ ಕೆಲಸವಿಲ್ಲದಂತೆ ಅನಿಸುತ್ತದೆ. ತಗೊಂಡ ಫೀಸಿಗೆ ಮಾತಾಡುತ್ತಲೇ ಇರಬೇಕು ಅನ್ನುವ ಸಂಕೋಚ ಕಾಡುತ್ತದೆ, ಅಲ್ವಾ? ತಡೆದುಕೊಳ್ಳಿ. ಈಜು ಹೇಳಿಕೊಡುವವರು ದಡದಲ್ಲೇ ನಿಂತಿರುತ್ತಾರೆ. ಉಳಿದ ಹೊತ್ತಿನಲ್ಲಿ ಹೊಸದಾಗಿ ಬರೆದದ್ದನ್ನು ಓದಿಸಿ, ಮನೆಯಲ್ಲಿ ಮಾಡಬೇಕಾದ್ದನ್ನು ಅವರ ಕೈಯಲ್ಲೇ ಬರೆಸಿ.

ಆನ್‌ಲೈನ್ ಕ್ಲಾಸಾದರೆ ಇಬ್ಬರೂ ತೆರೆಯಬಹುದಾದ ಒಂದೇ ಡಾಕ್ಯುಮೆಂಟ್ ಇಟ್ಟುಕೊಳ್ಳಿ. ಗೂಗಲ್ ಡಾಕ್ಸ್‌ನಲ್ಲಿ ಕಾಮೆಂಟ್ ಮಾತ್ರ ಹಾಕುವ ಅನುಮತಿಯನ್ನು ನಿಮಗೆ ಕೊಡಲು ಹೇಳಿ, ಎಡಿಟ್ ಮಾಡುವುದು ಬೇಡ. ನಿಮ್ಮ ಕೈಗೆ ನೀವೇ ಬೀಗ ಹಾಕಿಕೊಂಡ ಹಾಗೆ. ವರ್ಶನ್ ಹಿಸ್ಟರಿ ಎಡಿಟ್ ಅನುಮತಿ ಇರುವವರಿಗೆ ಮಾತ್ರ ಕಾಣುತ್ತದೆ, ಅದನ್ನು ವಿದ್ಯಾರ್ಥಿಯ ಕೈಯಲ್ಲೇ ತೆಗೆಸಿದರೆ ಹಿಂದೆ ಯಾವಾಗ ಯಾವ ಸಾಲು ಇತ್ತು, ಯಾವುದು ಹೋಯಿತು ಅಂತ ಕಾಣುತ್ತದೆ.

7. ಗುರುತು ಹಾಕುವುದರಲ್ಲಿ ಜಿಪುಣರಾಗಿ

ಕಾಗುಣಿತ, ಚಿಹ್ನೆ, ಬಿಟ್ಟುಹೋದ ಪದ ಇವುಗಳ ಸರದಿ ಬಂದಾಗ ಒಂದು ಉಪಾಯ ಇದೆ. ತಪ್ಪನ್ನು ತಿದ್ದಬೇಡಿ, ಸುತ್ತು ಹಾಕಲೂ ಬೇಡಿ. ತಪ್ಪಿರುವ ಸಾಲಿನ ಎದುರು ಅಂಚಿನಲ್ಲಿ ಒಂದು ಚಿಕ್ಕ ಗೆರೆ ಎಳೆಯಿರಿ. ಎರಡು ತಪ್ಪಿದ್ದರೆ ಎರಡು ಗೆರೆ. ಎಲ್ಲಿ, ಏನು ಅಂತ ಅವರೇ ಹುಡುಕಲಿ. ರಿಚರ್ಡ್ ಹ್ಯಾಸ್ವೆಲ್ 1983ರಲ್ಲಿ ಬರೆದ ಪ್ರಕಾರ, ತಮ್ಮ ಕಾಲೇಜು ವಿದ್ಯಾರ್ಥಿಗಳ ಬರಹಕ್ಕೆ ಹೀಗೆ ಬರೀ ಗುರುತು ಹಾಕಿ ವಾಪಸ್ ಕೊಟ್ಟಾಗ ಅರ್ಧಕ್ಕಿಂತ ಜಾಸ್ತಿ ತಪ್ಪುಗಳನ್ನು ಅವರೇ ಕಂಡುಹಿಡಿದು ಸರಿಮಾಡಿದ್ದರು. ಅವರು ಹುಡುಕಿಕೊಂಡ ತಪ್ಪುಗಳಿಗೆ ನಿಮ್ಮ ಪಾಠ ಬೇಕಾಗಿಯೇ ಇರಲಿಲ್ಲ. ಸಿಗದೆ ಉಳಿದದ್ದೇ ನಿಜವಾದ ಪಾಠ, ಮತ್ತು ಅದು ಸ್ವಲ್ಪವೇ ಇರುತ್ತದೆ.

ವಿಷಯದ ಬಗ್ಗೆ ಹಾಕುವ ಟಿಪ್ಪಣಿ ಒಂದು ಬರಹಕ್ಕೆ ಮೂರು ಸಾಕು. ಟೀಚರ್ ಥರ ಬರೆಯಬೇಡಿ, ಓದುಗರಂತೆ ಬರೆಯಿರಿ. "ಸ್ಪಷ್ಟತೆ ಇಲ್ಲ" ಅಂತ ಬೇಡ. "ಇಲ್ಲಿ 'ಅವನು' ಅಂದರೆ ಅಣ್ಣನೋ ಗೆಳೆಯನೋ ಅಂತ ನನಗೆ ಗೊತ್ತಾಗಲಿಲ್ಲ" ಅಂತ ಇರಲಿ. ಒಂದು ಟಿಪ್ಪಣಿ ಯಾವಾಗಲೂ ಚೆನ್ನಾಗಿ ಬಂದ ಜಾಗದ ಬಗ್ಗೆ ಇರಬೇಕು, ಯಾಕೆ ಚೆನ್ನಾಗಿದೆ ಅನ್ನುವುದೂ ಸೇರಿ. ಬರೀ "ಸೂಪರ್" ಅಂದರೆ ಏನನ್ನು ಮತ್ತೆ ಮಾಡಬೇಕು ಅಂತ ಅವರಿಗೆ ತಿಳಿಯುವುದಿಲ್ಲ.

ಮಾರ್ಕ್ಸ್ ಕೊಡಬೇಡಿ. ಶಾಲೆಗೆ ಅದು ಬೇಕು, ನಿಮಗೆ ಬೇಡ. ರೂತ್ ಬಟ್ಲರ್ ಮಕ್ಕಳಿಗೆ ಪದ ಕಟ್ಟುವಂಥ ಕೆಲಸಗಳನ್ನು ಕೊಟ್ಟು ಮಾಡಿದ ಅಧ್ಯಯನ 1988ರಲ್ಲಿ ಬಂತು. ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದಿನ ಸಲ ಇನ್ನೂ ಚೆನ್ನಾಗಿ ಮಾಡಿದರು. ಟಿಪ್ಪಣಿಯ ಜೊತೆ ಮಾರ್ಕ್ಸನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ನನ್ನ ಟೇಬಲ್ ಮೇಲೂ ಅದನ್ನೇ ಕಂಡಿದ್ದೇನೆ: ಅಂಕಿ ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತದೆ, ಪಕ್ಕದ ಸಾಲು ಯಾರೂ ಓದುವುದಿಲ್ಲ.

8. "ನೀವೇ ಒಂಚೂರು ಬರೆದುಕೊಡಿ"

ಕೇಳಿಯೇ ಕೇಳುತ್ತಾರೆ. ನಾಳೆ ಕೊನೇ ದಿನ, ಜ್ವರ ಬಂದಿತ್ತು, ಇದೊಂದು ಸಲ. ಕಾಲೇಜು ಸೀಟಿಗೆ ಅರ್ಜಿ ಜೊತೆ ಕಳಿಸುವ ಪ್ರಬಂಧವಾದರೆ ಒತ್ತಾಯ ಇನ್ನೂ ಜೋರು. ಆಗ ಯೋಚಿಸಿ ನಿರ್ಧರಿಸುತ್ತೇನೆ ಅಂದರೆ ಕಷ್ಟ, ದಾಕ್ಷಿಣ್ಯ ಅಡ್ಡ ಬರುತ್ತದೆ. ಮೊದಲ ದಿನವೇ ನನ್ನ ನಿಯಮ ಹೇಳಿಬಿಡುತ್ತೇನೆ: ನಾನು ಪ್ರಶ್ನೆ ಕೇಳುತ್ತೇನೆ, ಎಲ್ಲಿ ಎಡವಿದೆ ಅಂತ ತೋರಿಸುತ್ತೇನೆ, ಬೇರೆ ವಿಷಯದ ಮೇಲೆ ಉದಾಹರಣೆ ಬರೆದು ತೋರಿಸುತ್ತೇನೆ. ನಿಮ್ಮ ಬರಹದಲ್ಲಿ ನನ್ನ ವಾಕ್ಯ ಇರುವುದಿಲ್ಲ. ಥೀಸಿಸ್ ಬರೆಯುವವರಾದರೆ ಹೊರಗಿನವರ ನೆರವು ಎಷ್ಟರ ಮಟ್ಟಿಗೆ ಸರಿ ಅಂತ ಅವರ ವಿಭಾಗದ ನಿಯಮ ನೋಡಿಕೊಂಡು ಬರಲು ಹೇಳುತ್ತೇನೆ.

ಈಗ ಚಾಟ್‌ಜಿಪಿಟಿ ಥರದವು ಬಂದ ಮೇಲೆ ಬರೆದುಕೊಡಿ ಅಂತ ನಮ್ಮನ್ನು ಕೇಳುವವರು ಕಡಿಮೆಯಾಗಿದ್ದಾರೆ, ಅದು ಬೇರೆ ಮಾತು! ಯಂತ್ರದಲ್ಲಿ ಬರೆಸಿಕೊಂಡು ಬಂದಿದ್ದಾರಾ ಅಂತ ಪತ್ತೆ ಮಾಡುವ ಸಾಫ್ಟ್‌ವೇರ್‌ಗಳನ್ನು ನಾನು ನೆಚ್ಚುವುದಿಲ್ಲ. ಸ್ವಂತ ಬರೆದವರನ್ನೂ ಅವು ಹಿಡಿದುಹಾಕುತ್ತವೆ. ಅನುಮಾನ ಬಂದರೆ ಕೇಳುವುದು ಒಂದೇ: "ಈ ಎರಡನೇ ಪ್ಯಾರಾ ನಂಗೆ ಬಾಯಲ್ಲಿ ಹೇಳು, ಪೇಪರ್ ನೋಡದೆ." ಬರೆದವರಾದರೆ ಹೇಳುತ್ತಾರೆ, ಜಾಸ್ತಿಯೇ ಹೇಳುತ್ತಾರೆ. ಹೇಳಲಾಗದಿದ್ದರೆ ಬೈಯಬೇಡಿ. ಪೇಪರ್ ಪಕ್ಕಕ್ಕಿಟ್ಟು ಅಲ್ಲೇ ಹೊಸದಾಗಿ ಶುರು ಮಾಡಿಸಿ. ಕ್ಲಾಸಿನಲ್ಲೇ ಬರೆಸುವ ಇಪ್ಪತ್ತೈದು ನಿಮಿಷ ಇಲ್ಲೂ ಕೈ ಹಿಡಿಯುತ್ತದೆ.

9. ದುಡ್ಡು ಮತ್ತು ನಿಯಮ

ಫೀಸ್ ಎಷ್ಟು ಅನ್ನುವುದನ್ನು ಅಕ್ಕಪಕ್ಕದವರು ಎಷ್ಟು ತಗೋತಾರೆ ಅಂತ ನೋಡಿ ಇಡುವವರೇ ಜಾಸ್ತಿ. ಅದಕ್ಕಿಂತ ಮೊದಲು ಒಂದು ತಿಂಗಳು ನಿಮ್ಮ ಗಂಟೆಗಳನ್ನು ಬರೆದಿಡಿ. ಲೆಕ್ಕದ ಟ್ಯೂಷನ್ ಥರ ಅಲ್ಲ ಇದು. ಒಂದು ಗಂಟೆ ಕ್ಲಾಸಿಗೆ ಮೊದಲು ಓದಲು, ಟಿಪ್ಪಣಿ ಬರೆಯಲು ಅರ್ಧ ಗಂಟೆಯಿಂದ ಒಂದು ಗಂಟೆ ಹೋಗುತ್ತದೆ. ಥೀಸಿಸ್ ಅಧ್ಯಾಯವಾದರೆ ಇನ್ನೂ ಜಾಸ್ತಿ. ಒಂದು ಗಂಟೆಯ ಫೀಸ್ ಅಂದುಕೊಂಡದ್ದು ನಿಜದಲ್ಲಿ ಒಂದೂವರೆಯಿಂದ ಎರಡು ಗಂಟೆಯ ಕೂಲಿ. ಒಂದು ವಾರಕ್ಕೆ ಎಷ್ಟು ಪುಟದವರೆಗೆ ಓದುತ್ತೀರಿ ಅಂತಲೂ ಮೊದಲೇ ಹೇಳಿ. ನಾನು ಹೇಳಿರಲಿಲ್ಲ, ಒಬ್ಬರು ಇಡೀ ಕಾದಂಬರಿ ಕಳಿಸಿ "ಟೈಮ್ ಸಿಕ್ಕಾಗ ನೋಡಿ, ಮಂಗಳವಾರದೊಳಗೆ" ಅಂದರು.

ನಾಲ್ಕು ಕ್ಲಾಸಿನ ಹಣ ಮುಂಚೆಯೇ ತೆಗೆದುಕೊಳ್ಳಿ. ಕ್ಲಾಸ್ ರದ್ದು ಮಾಡುವುದಾದರೆ 24 ಗಂಟೆ ಮೊದಲು ತಿಳಿಸಬೇಕು, ಇಲ್ಲದಿದ್ದರೆ ಆ ಕ್ಲಾಸಿನ ಫೀಸ್ ಹೋಯಿತು. ಇದನ್ನೆಲ್ಲ ಅರ್ಧ ಪುಟದಲ್ಲಿ ಬರೆದು ಮೊದಲ ಕ್ಲಾಸಿಗೆ ಮುಂಚೆ ಕಳಿಸಿ. ಬಾಯಿಮಾತಿನಲ್ಲಿ ಹೇಳಿದ್ದು ಇಬ್ಬರಿಗೂ ಬೇರೆ ಬೇರೆ ಥರ ನೆನಪಿರುತ್ತದೆ. ಬಿಟ್ಟಿ ಡೆಮೊ ಕ್ಲಾಸಿನ ಬಗ್ಗೆ ನನಗೆ ಒಲವಿಲ್ಲ. ಹದಿನೈದು ನಿಮಿಷ ಫೋನಿನಲ್ಲಿ ಮಾತಾಡುತ್ತೇನೆ, ಅಷ್ಟರಲ್ಲೇ ಇಬ್ಬರಿಗೂ ಗೊತ್ತಾಗುತ್ತದೆ.

ಮಕ್ಕಳ ಕ್ಲಾಸ್ ಮನೆಯ ಹಾಲಿನಲ್ಲಿ, ದೊಡ್ಡವರು ಓಡಾಡುವ ಕಡೆ ಇರಲಿ. ರೂಮಾದರೆ ಬಾಗಿಲು ತೆರೆದಿರಲಿ. ಮಗುವಿನ ಜೊತೆ ಮೆಸೇಜ್ ಮಾಡುವುದಾದರೆ ಅಪ್ಪ ಅಮ್ಮ ಇರುವ ಗುಂಪಿನಲ್ಲೇ. ಹಾಗೇ, ವಿದ್ಯಾರ್ಥಿ ಬರೆದದ್ದು ವಿದ್ಯಾರ್ಥಿಯದ್ದು. ಚೆನ್ನಾಗಿದೆ ಅಂತ ಕೇಳದೆ ಇನ್ನೊಬ್ಬರಿಗೆ ತೋರಿಸಬೇಡಿ. ಬರವಣಿಗೆ ಕ್ಲಾಸಿನಲ್ಲಿ ಜನ ಡೈರಿಯಲ್ಲೂ ಬರೆಯದ್ದನ್ನು ಬರೆಯುತ್ತಾರೆ. ಆದರೆ ಮಗುವಿಗೆ ಯಾರಿಂದಲೋ ತೊಂದರೆಯಾಗುತ್ತಿದೆ ಅನ್ನುವ ಸುಳಿವು ಬರಹದಲ್ಲಿ ಕಂಡರೆ ಮಾತ್ರ ಸುಮ್ಮನಿರುವಂತಿಲ್ಲ. ಅಂಥ ಹೊತ್ತಲ್ಲಿ ಬೇರೆಯವರಿಗೆ ಹೇಳಬೇಕಾಗಬಹುದು ಅನ್ನುವುದನ್ನು ಆ ಅರ್ಧ ಪುಟದಲ್ಲೇ ಸೇರಿಸಿ.

10. ಯಾವಾಗ ನಿಲ್ಲಿಸಬೇಕು

ಬೇರೆ ಕಸುಬಿನಲ್ಲಿ ಗಿರಾಕಿ ಉಳಿಯಬೇಕು. ಇಲ್ಲಿ ಹೋಗಬೇಕು. ಹೋದವರೇ ಇನ್ನಿಬ್ಬರನ್ನು ಕಳಿಸುತ್ತಾರೆ, ನನಗೆ ಹೆಚ್ಚಿನ ವಿದ್ಯಾರ್ಥಿಗಳು ಬಂದಿರುವುದು ಹಾಗೇ. ವಾರಕ್ಕೊಂದು ಇದ್ದ ಕ್ಲಾಸನ್ನು ಹದಿನೈದು ದಿನಕ್ಕೊಂದು ಮಾಡಿ, ಆಮೇಲೆ ತಿಂಗಳಿಗೊಂದು. ಅದಕ್ಕೆ ಸರಿಯಾದ ಹೊತ್ತು ಯಾವುದು ಅಂತ ಬರಹವೇ ಹೇಳುತ್ತದೆ.

ಥೀಸಿಸ್ ಬರೆಯುತ್ತಿದ್ದ ಒಬ್ಬರು ಏಳೆಂಟು ತಿಂಗಳು ನನ್ನ ಜೊತೆ ಕೆಲಸ ಮಾಡಿದ್ದರು. ಒಂದು ದಿನ ನಾಲ್ಕನೇ ಅಧ್ಯಾಯ ಕಳಿಸಿದರು. ತೆರೆದು ನೋಡಿದರೆ ಅಂಚಿನ ತುಂಬ ಅವರದೇ ಕಾಮೆಂಟ್. "ಇಲ್ಲಿ 'ಯಾರು?' ಅಂತ ಕೇಳ್ತೀರಿ ಅಂತ ಗೊತ್ತು, ಮುಂದಿನ ಸಾಲಲ್ಲಿ ಇದೆ." "ಈ ಪ್ಯಾರಾ ಎರಡನೇ ಪುಟಕ್ಕೆ ಹೋಗಬೇಕು, ನಾಳೆ ಮಾಡ್ತೀನಿ." ನನಗೆ ಹಾಕಲು ಎರಡೇ ಎರಡು ಟಿಪ್ಪಣಿ ಉಳಿದಿತ್ತು. ಅದರಲ್ಲಿ ಒಂದನ್ನು ಅವರು ಒಪ್ಪಲಿಲ್ಲ. ಯಾಕೆ ಒಪ್ಪುವುದಿಲ್ಲ ಅಂತ ಐದು ಸಾಲು ಬರೆದಿದ್ದರು. ಎರಡು ಸಲ ಓದಿದೆ, ಅವರು ಹೇಳಿದ್ದೇ ಸರಿ ಇತ್ತು. ಮುಂಗಡ ಕೊಟ್ಟಿದ್ದರಲ್ಲಿ ಇನ್ನೂ ಮೂರು ಕ್ಲಾಸ್ ಬಾಕಿ ಇತ್ತು. ಸಂಜೆ ಫೋನ್ ಮಾಡಿ, ಆ ಹಣ ವಾಪಸ್ ಕಳಿಸಲು ಅವರ ಅಕೌಂಟ್ ನಂಬರ್ ಕೇಳಿದೆ.